ಬೆರಳ ಲೆಕ್ಕ

ಸೋಮವಾರ, ಬುಧವಾರ, ಶುಕ್ರವಾರ,
ಮಲಾತ್ಯ ಊರಿನ ಡಯಾಲಿಸಿಸ್ ಕೋಣೆಯಲ್ಲಿ
ಕಿಟಕಿಯಿಂದ ಮೂರನೇ ಕುರ್ಚಿ ನನ್ನದು.
ಎಡಗೈಯ ನರದೊಳಗೆ ಜೇನೊಂದು ಗುಂಯ್‌ಗುಡುತ್ತದೆ,
ನರ್ಸು ನುರ್ಸೆಲ್ ಅದನ್ನು ಆಲಿಸಿ
‘ಇದೆ, ಇದೆ’ ಎಂದು ಸೂಜಿ ಚುಚ್ಚುತ್ತಾಳೆ.
ನಾಲ್ಕು ಗಂಟೆ ನನ್ನ ರಕ್ತ ತಿರುಗಾಡಿ ಬರುತ್ತದೆ,
ನಾನು ಕೂತಲ್ಲೇ ಕೂತಿರುತ್ತೇನೆ.

ಇವತ್ತು ಅವಳ ಕೈಯಲ್ಲೊಂದು ಕಾಗದದ ಕಟ್ಟು.
‘ಹಸಿಬೆ ಚಿಕ್ಕಮ್ಮ, ಕಳೆದ ನಾಲ್ಕು ವಾರಗಳಲ್ಲಿ
ಮೆಟ್ಟಿಲು ಹತ್ತುವುದು ಕಷ್ಟವಾಯಿತೆ?’
ಮೆಟ್ಟಿಲೆಲ್ಲಿದೆ ಮಗಳೇ,
ಭೂಕಂಪ ಮೂರು ಮಹಡಿಯನ್ನೂ ಒಂದೇ ಮಾಡಿತಲ್ಲ.
ನಗಬೇಕೋ ಬೇಡವೋ ತಿಳಿಯದೆ ಪೆನ್ನು ಕಚ್ಚಿದಳು.
‘ನೆಂಟರ ಮನೆಗೆ ಹೋಗುವುದು ಕಡಿಮೆಯಾಯಿತೆ?
ಎಂದೂ ಇಲ್ಲ, ಒಮ್ಮೊಮ್ಮೆ, ಬಹಳ ಸಲ, ಯಾವಾಗಲೂ.’

ಹೇಗೆ ಹೇಳಲಿ, ಹೋಗದೆ ಉಳಿದದ್ದು
ಕಾಲುನೋವಿಗಲ್ಲ, ಹೊಟ್ಟೆಗೆ.
ಐದು ದಿನದಿಂದ ಬೀಗ ಜಡಿದ ಹೊಟ್ಟೆಗೆ.
ನೀರು ಅಳೆದು ಆರು ಚಹಾಲೋಟ,
ಮಾತ್ರೆ ನುಂಗುವುದೂ ಅದರಲ್ಲೇ.
ಊಟಕ್ಕೊಮ್ಮೆ ಸುಣ್ಣದಂಥ ಗುಳಿಗೆ,
ಅದು ರಂಜಕ ಹಿಡಿಯುತ್ತದಂತೆ.
ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಕೂತಿದೆ.

ಕಂಟೇನರ್ ಮನೆಯ ಗೋಡೆ ರೊಟ್ಟಿಯಷ್ಟು ತೆಳು.
ಒಳಗೆ ನಾನು ಉಸಿರು ಬಿಗಿಹಿಡಿದರೆ
ಹೊರಗೆ ಸೊಸೆ ರೇಡಿಯೊ ಜೋರು ಮಾಡುತ್ತಾಳೆ.
ಒಳ್ಳೆಯವಳು. ಅದಕ್ಕೇ ಇನ್ನಷ್ಟು ನಾಚಿಕೆ.
ಅರ್ಧ ಗಂಟೆ ಕಳೆದು ಹೊರಬರುತ್ತೇನೆ,
ಸಂತೆಗೆ ಹೊತ್ತ ಬುಟ್ಟಿಯನ್ನು
ಹಾಗೆಯೇ ಹೊತ್ತು ಮರಳಿದವಳಂತೆ.

ಕೇಳಿ, ನಾನು ಏಪ್ರಿಕಾಟ್ ಬೆಳೆದವಳು.
ನೂರಾ ಹನ್ನೆರಡು ಮರ.
ಜುಲೈಯಲ್ಲಿ ಚಾಪೆ ತುಂಬ ಹಣ್ಣು
ಬಿಸಿಲು ಕುಡಿದು ಕಂದಾಗುತ್ತದೆ.
ಇಲ್ಲಿನ ಕೂಸಿಗೂ ಗೊತ್ತಿರುವ ಮದ್ದು:
ರಾತ್ರಿ ನಾಲ್ಕು ನೆನೆಹಾಕು, ಬೆಳಿಗ್ಗೆ ತಿಂದು ನೀರು ಕುಡಿ,
ಹೊತ್ತು ಮೂಡುವುದರೊಳಗೆ ದಾರಿ ಸಲೀಸು.
ಈಗ ಅದೇ ನನಗೆ ವಿಷ.
ಪೊಟ್ಯಾಸಿಯಂ ಏರಿದರೆ ಹೃದಯ ನಿಂತೀತಂತೆ.
ಹೃದಯ ನಡೆಯಲೆಂದು ಕರುಳು ನಿಂತಿದೆ.
ಹಣ್ಣು ಆರಿಸಿ, ಪೆಟ್ಟಿಗೆ ತುಂಬಿ,
ಯಾವುದೋ ದೇಶದ ಹೊಟ್ಟೆಗೆ ಕಳಿಸಿ,
ಬೆರಳು ಮೂಸಿ, ಕೈ ತೊಳೆದುಕೊಳ್ಳುತ್ತೇನೆ.

ಇದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ.
ಎಲ್ಲದಕ್ಕೂ ‘ಒಮ್ಮೊಮ್ಮೆ’ ಎಂದೆ.
ಆಗ ಎದುರು ಕುರ್ಚಿಯ ಬೆಕ್ತಾಶ್,
ಮೂವತ್ತು ವರ್ಷ ಮಿನಿಬಸ್ಸು ಓಡಿಸಿದವನು,
ನಿಲ್ದಾಣದ ದನಿಯಲ್ಲೇ ಕೂಗಿದ:
‘ಅದೆಲ್ಲ ಬಿಡಮ್ಮ, ಗಾಡಿ ಆರು ದಿನದಿಂದ
ಡಿಪೋ ಬಿಟ್ಟು ಹೊರಟಿಲ್ಲ, ಅದನ್ನು ಬರೆದುಕೋ!’

ಯಂತ್ರಗಳು ಮಾತ್ರ ತಿರುಗುತ್ತಿದ್ದವು.
‘ಹೆಂಗಸರಿದ್ದಾರಯ್ಯ’ ಎಂದು ಯಾರೋ ಗದರಿದರು.
ಮೂಲೆಯ ರಿಫಾತ್ ಮೇಷ್ಟ್ರು ಕೆಮ್ಮಿ, ಛಾವಣಿ ನೋಡುತ್ತ,
‘ನನ್ನದು ನಾಲ್ಕು’ ಎಂದರು.
ಗದರಿದವನೇ ಆಮೇಲೆ ಎರಡು ಬೆರಳೆತ್ತಿದ.
ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು
ಬಲಗೈ ಹೊರಚಾಚಿ
ಐದೂ ಬೆರಳು ಬಿಡಿಸಿದೆ.
ನುರ್ಸೆಲ್ ಕಾಗದ ಮಗುಚಿ
ಅದರ ಖಾಲಿ ಬೆನ್ನಿನ ಮೇಲೆ ಬರೆಯತೊಡಗಿದಳು.

ಡಾಕ್ಟರು ಗುಳಿಗೆ ಬದಲಿಸಿದರು,
ಅಂಟಂಟು ಸಿಹಿಯ ಒಂದು ಸಿರಪ್ಪು ಕೊಟ್ಟರು,
ಕೂತಾಗ ಕಾಲಡಿಗೆ ಗಿಡ್ಡ ಮಣೆಯಿರಲಿ ಎಂದರು.
ಮಣೆಯೆಲ್ಲಿ? ಮೊಮ್ಮಗ ಹಣ್ಣಿನ ಪೆಟ್ಟಿಗೆಯೊಂದನ್ನು
ಬೋರಲು ಹಾಕಿಕೊಟ್ಟ.

ಭಾನುವಾರ ನಸುಕಿನಲ್ಲಿ,
ಸೊಸೆ ರೇಡಿಯೊ ಹಾಕುವ ಮೊದಲೇ,
ಹೆಚ್ಚೇನು ಹೇಳಲಿ.
ಹೊರಬಂದರೆ ಬೆಟ್ಟದ ಮೇಲಿನ್ನೂ ಹಿಮವಿತ್ತು,
ನಾನು ತಲೆಯೆತ್ತಿ ನೋಡಿ ಎಷ್ಟು ದಿನವಾಗಿತ್ತೋ.
ಪಕ್ಕದ ಕಂಟೇನರಿನವಳನ್ನು
ನಾನಾಗಿ ಚಹಾಕ್ಕೆ ಕರೆದೆ, ಅರ್ಧ ಲೋಟ ನನಗೆ.

ಸೋಮವಾರ ಬೆಕ್ತಾಶ್ ಹುಬ್ಬು ಹಾರಿಸಿದ: ಎಷ್ಟು?
ನಾನು ಮುಷ್ಟಿ ಕಟ್ಟಿ ತೋರಿಸಿದೆ.
ನರಕ್ಕೆ ವ್ಯಾಯಾಮವೆಂದುಕೊಂಡ ನುರ್ಸೆಲ್
‘ಹಾಗೇ, ಇನ್ನೂ ಬಿಗಿಯಾಗಿ’ ಎಂದಳು.
ಅವನು ಇನ್ನೂ ಮೂರರಲ್ಲೇ ಇದ್ದ.